ಉಪ್ಪು ಮುಟ್ಟದೆ ರಾಮದುರ್ಗದವರೆಗೆ

ವಿಮಾನ ಹತ್ತಿ ದೇಶ ದೇಶ ತಿರುಗಿದವರು ಬಂದು ಏನೇನೋ ಬರೆಯುತ್ತಾರೆ. ನಾನು ಕಿತ್ತೂರಿನಿಂದ ರಾಮದುರ್ಗಕ್ಕೆ ಹೋದೆ. ನಮ್ಮ ಓಣಿಯವರಿಗೆ ಮಲಪ್ರಭಾ ಹೊಳೆ ದಾಟಿದರೆ ಅದೇ ಪರದೇಶ. ಆಚೆ ದಂಡೆಯವರ ಮಾತಿನ ಎಳೆತವೇ ಬೇರೆ, ಚಹಾಕ್ಕೆ ಸಕ್ಕರೆ ಹಾಕುವ ಅಳತೆಯೇ ಬೇರೆ. ಎರಡೂವರೆ ತಾಸಿನ ದಾರಿ ಅದು. ನಮಗೆ ಏಳು ತಾಸು ಹಿಡಿಯಿತು. ಗಾಡಿ ಕೆಡಲಿಲ್ಲ, ಚಕ್ರದ ಗಾಳಿ ಹೋಗಲಿಲ್ಲ, ರಸ್ತೆ ಎಲ್ಲೂ ಕಟ್ಟಿರಲಿಲ್ಲ. ತಿನ್ನುತ್ತ ಹೋದೆವು, ಅಷ್ಟೇ. ತಿನ್ನುತ್ತ ಹೋದೆವು ಎಂದರೂ ತಪ್ಪಾಗುತ್ತದೆ. ಅವರು ತಿಂದರು, ನಾನು ನೋಡಿದೆ.

ಕಾರಣ ಹೇಳದೆ ಮುಂದೆ ಹೋದರೆ ನಿಮಗೂ ನಮ್ಮ ಬೀಗರಿಗೆ ಆದ ಹಾಗೆ ಆದೀತು. ಹೇಳಿಬಿಡುತ್ತೇನೆ, ಈಗ ಹೇಳಲು ಅಡ್ಡಿಯಿಲ್ಲ.

ನನಗೆ ಒಬ್ಬಳೇ ಮಗಳು, ಗೀತಾ. ರಾಮದುರ್ಗಕ್ಕೆ ಕೊಟ್ಟು ಒಂಬತ್ತು ವರ್ಷವಾಯಿತು. ಒಂಬತ್ತು ವರ್ಷ ಅವಳ ಉಡಿ ತುಂಬಲಿಲ್ಲ. ನೋಡದ ಡಾಕ್ಟರಿಲ್ಲ, ಕಾಯಿ ಒಡೆಯದ ಗುಡಿಯಿಲ್ಲ. ಹತ್ತನೆಯ ವರ್ಷಕ್ಕೆ ಬಸಿರಾದಳು. ಏಳನೆಯ ತಿಂಗಳಲ್ಲಿ ಡಾಕ್ಟರು, ಹಾಸಿಗೆ ಬಿಟ್ಟು ಏಳಬಾರದು, ತವರಿಗೆ ಹೋಗುವ ಮಾತೇ ಬೇಡ ಎಂದುಬಿಟ್ಟರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಆಗುವಂತಿಲ್ಲ. ನಾನು ಕಿತ್ತೂರಿನಲ್ಲಿ ಕೂತು ಮಾಡುವುದಾದರೂ ಏನು? ದೇವರ ಜಗಲಿಯ ಮುಂದೆ ನಿಂತು ಸವದತ್ತಿ ಗುಡ್ಡದ ಎಲ್ಲಮ್ಮನಿಗೆ ಕೈ ಮುಗಿದೆ. "ತಾಯಿ, ಎರಡು ಜೀವ ಉಳಿಸು. ಆ ಕೂಸಿನ ಮುಖ ಕಣ್ಣಾರೆ ನೋಡುವ ತನಕ ನಾನು ಉಪ್ಪು ಮುಟ್ಟುವುದಿಲ್ಲ" ಎಂದೆ.

ಹರಕೆಯನ್ನು ಬಾಯಿ ಬಿಟ್ಟು ಹೇಳಿದರೆ ಅದು ಬಯಲಾಯಿತು, ಫಲ ಹೋಯಿತು ಎಂದು ನಮ್ಮತ್ತೆ ಹೇಳುತ್ತಿದ್ದರು. ಅದಕ್ಕೆ ಯಾರಿಗೂ ಹೇಳಲಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಉಣ್ಣುವವಳು ನಾನು, ನನ್ನ ಪಾಲಿನ ಪಲ್ಯ ಬೇಳೆ ಉಪ್ಪು ಹಾಕುವ ಮೊದಲೇ ತೆಗೆದಿಟ್ಟುಕೊಳ್ಳುತ್ತಿದ್ದೆ. ಎರಡೂವರೆ ತಿಂಗಳು ಹೀಗೆ ನಡೆಯಿತು. ಅದೇ ಅಡುಗೆಮನೆಯಲ್ಲಿ ದಿನಕ್ಕೆ ಮೂರು ಸಲ ಬಂದು ಕೂಡುವ ನನ್ನ ಗಂಡನಿಗೆ ಇದು ಗೊತ್ತಾಗಲಿಲ್ಲ. ನಲವತ್ತೆರಡು ವರ್ಷ ಸಂಸಾರ ಮಾಡಿದ್ದಾರೆ. ನಾನು ತಲೆ ಬೋಳಿಸಿಕೊಂಡು ಎದುರಿಗೆ ಬಂದರೂ, ಸೆರಗು ಸರಿ ಮಾಡಿಕೋ ಎಂದಾರು.

ತಾಯಿ ನಡೆಸಿಕೊಟ್ಟಳು. ಹೆಣ್ಣು ಕೂಸು ಹುಟ್ಟಿತು! ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ, ಕೆಲಸಕ್ಕೆ ಬಂದಿದ್ದ ಗೌಂಡಿಯನ್ನೂ ಬಿಡಲಿಲ್ಲ, ಅವನ ಕೈ ತುಂಬ ಸಿಮೆಂಟಿತ್ತು, ಬಾಯಿಗೇ ಹಾಕಿದೆ. ಆದರೆ ಅದೇ ವಾರ ನನಗೆ ಜ್ವರ, ಕೆಮ್ಮು. ಎಳೆ ಕೂಸಿನ ಹತ್ತಿರ ಹೋಗಬೇಡಿ ಎಂದು ಡಾಕ್ಟರು ತಡೆದರು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವ ಕಾರ್ಯ. ಆ ದಿನವೇ ಹೋಗುವುದೆಂದಾಯಿತು.

ನಡುವೆ ಅಳಿಯಂದಿರು ದಿನವೂ ಮೊಬೈಲಿಗೆ ಕೂಸಿನ ಫೋಟೋ ಕಳಿಸುತ್ತಿದ್ದರು. ಮೊಬೈಲಿನಲ್ಲಿ ಮುಖ ನೋಡಿದರೆ ಅದು ಕಣ್ಣಾರೆ ನೋಡಿದ ಹಾಗೋ, ಅಲ್ಲವೋ? ಯಾರನ್ನು ಕೇಳಲಿ? ಕೇಳಿದರೆ ಹರಕೆ ಹೊರಗೆ ಬೀಳುತ್ತದೆ. ಅದಕ್ಕೆ ಗಂಡ ಮೊಬೈಲು ಹಿಡಿದು ಬಂದಾಗೆಲ್ಲ ಕಣ್ಣು ಮುಚ್ಚಿಕೊಂಡೆ. ಒಂದು ದಿನ ಗೀತಾಳೇ ಕೂಸನ್ನು ಎತ್ತಿ ತೋರಿಸುತ್ತ ವಿಡಿಯೋದಲ್ಲಿ ಬಂದಳು. ನಾನು ಗೋಡೆಯ ಕಡೆ ತಿರುಗಿ, "ಆಮ್ಯಾಲ ಮಾತಾಡ್ತೇನವ್ವಾ, ಹಾಲ ಉಕ್ಕಾಕ ಹತ್ತೈತಿ" ಎಂದು ಒಳಗೆ ಓಡಿದೆ. ಒಲೆಯ ಮೇಲೆ ಹಾಲಿರಲಿಲ್ಲ.

ಕಿತ್ತೂರು

ಬೀಗರು ಈರಪ್ಪನವರು, ಅಂದರೆ ಗೀತಾಳ ಮಾವ, ಧಾರವಾಡಕ್ಕೆ ಕೆಲಸಕ್ಕೆ ಬಂದವರು ಮರಳಿ ಹೋಗುವಾಗ ನಮ್ಮನ್ನು ತಾವೇ ಕರೆದುಕೊಂಡು ಹೋಗುತ್ತೇನೆಂದು ಬೆಳಗಾಗುವುದರೊಳಗೆ ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಗಂಡಿನ ತಂದೆ ತಾನೇ ಗಾಡಿ ತಂದು ಹೆಣ್ಣು ಕೊಟ್ಟವರನ್ನು ಕರೆಯುವುದು ದೊಡ್ಡ ಮರ್ಯಾದೆ. ಹಾಗಾಗಿ ದಾರಿಯುದ್ದಕ್ಕೂ ಅವರೇನು ಮಾಡಿದರೂ ನಾನು ಹೂಂ ಎನ್ನಬೇಕು. ಮನುಷ್ಯರು ಬಂಗಾರದಂಥವರು, ಸುಳ್ಳು ಹೇಳಬಾರದು. ಆದರೆ ಬಾಯಿಚಪಲ ಎಂಬುದಕ್ಕೆ ಕೈಕಾಲು ಮೂಡಿದರೆ ಹೇಗಿರುತ್ತದೋ ಹಾಗೆ.

ನಮ್ಮ ಮನೆಯಲ್ಲಿ ಎರಡು ಸಲ ಹಾಕಿಸಿಕೊಂಡು ಉಪ್ಪಿಟ್ಟು ತಿಂದರು. ತವರಿನ ತೊಟ್ಟಿಲನ್ನು ಕಾರಿನ ತಲೆಯ ಮೇಲೆ ಕಟ್ಟಿದೆವು. ಏಳಕ್ಕೆ ಹೊರಟೆವು, ಏಳೂ ಹತ್ತಕ್ಕೆ ನಿಂತೆವು. ಊರ ಹೊರಗೆ ಮಿರ್ಚಿ ಭಜಿಯ ಗಾಡಿ.

"ಅಕ್ಕಾರ, ನಿಮ್ಮೂರ ಭಜಿ ತಿನ್ನದ ಹೋದ್ರ ನಮ್ಮೂರಾಗ ನನ್ನ ಒಳಗ ಬಿಟ್ಕೊಳ್ಳೂದಿಲ್ರಿ."

"ಅಣ್ಣಾರ, ಈಗರ ಉಪ್ಪಿಟ್ಟ ತಿಂದೀರಲ್ರಿ?"

"ಉಪ್ಪಿಟ್ಟ ಹೊಟ್ಟೀಗ್ರಿ. ಭಜಿ ಬಾಯಿಗೆ."

ಗಂಡನೂ ಇಳಿದರು. ಅವರು ಯಾವಾಗಲೂ ಇಳಿಯುತ್ತಾರೆ. ಎಣ್ಣೆಯಲ್ಲಿ ಚುಂಯ್ ಎನ್ನುವ ಸದ್ದು, ಜೀರಿಗೆ ಉಪ್ಪು ತುಂಬಿದ ಉದ್ದನೆಯ ಮೆಣಸಿನಕಾಯಿ, ಮೇಲೆ ಬಂಗಾರದ ಬಣ್ಣದ ಹಿಟ್ಟು. ಎರಡೂವರೆ ತಿಂಗಳು ಸಪ್ಪೆ ಉಂಡ ನಾಲಿಗೆ ನನ್ನದು. ಬಾಯಿಯಲ್ಲಿ ಕೆರೆ ತುಂಬಿತು. ಬೀಗರು ಕಾಗದದಲ್ಲಿ ಎರಡು ಭಜಿ ಹಿಡಿದು ಕಾರಿನ ಕಿಟಕಿಗೆ ಬಂದರು.

"ಬ್ಯಾಡ್ರಿ ಅಣ್ಣಾರ. ಹೊತ್ತ ಏರೂದ್ರೊಳಗ ಕರದದ್ದ ನನಗ ಆಗಿಬರೂದಿಲ್ರಿ."

"ಒಂದರ ತಿನ್ರಿ."

"ಬ್ಯಾಡ್ರಿ."

ಮುಖ ಸಣ್ಣದು ಮಾಡಿಕೊಂಡು ಹೋದರು. ಆ ಎರಡನ್ನೂ ನನ್ನ ಗಂಡ ತಿಂದರು.

ಬೈಲಹೊಂಗಲ

ಹೊಳೆ ದಾಟಿ ಬೈಲಹೊಂಗಲಕ್ಕೆ ಬಂದಾಗ ಎಂಟು ಗಂಟೆ. ಇನ್ನು ಸರಕ್ಕನೆ ಹೋದರೆ ಹತ್ತರೊಳಗೆ ಕೂಸು ನನ್ನ ಕೈಯಲ್ಲಿ ಎಂದುಕೊಂಡೆ. ಬೀಗರು ಕಾರು ನಿಧಾನ ಮಾಡಿ, "ನೇಸರಗಿಯೊಳಗ ಒಬ್ಬಾಂವ ಚುರಮುರಿ ಸೂಸಲಾ ಮಾಡ್ತಾನ್ರಿ, ಅದರಂಥಾದ್ದ ಸೂಸಲಾ..." ಎಂದು ಶುರು ಮಾಡಿದರು. ನೇಸರಗಿ ನಾವು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತ ಊರು. ನಾನು ಉಸಿರು ಹಿಡಿದು, "ಅದು ಉಲ್ಟಾ ಆಗ್ತೈತ್ರಿ" ಎಂದೆ.

"ಹಂಗಾರ ಇಲ್ಲೇ ಪಡ್ಡು ತಿನ್ನೂಣು ನಡೀರಿ" ಎಂದರು, ದೊಡ್ಡ ತ್ಯಾಗ ಮಾಡಿದವರ ಹಾಗೆ.

ಬೈಲಹೊಂಗಲದವರ ಒಂದು ರೂಢಿ ನೋಡಿದೆ. ನಮ್ಮ ಕಡೆ ಹೋಟೆಲಿನಲ್ಲಿ ಒಬ್ಬೊಬ್ಬರು ಒಂದೊಂದು ಮೇಜು ಹಿಡಿದು ಕೂಡುತ್ತಾರೆ. ಇಲ್ಲಿ ಗುರುತಿರಲಿ ಇಲ್ಲದಿರಲಿ, ಬಂದವರು ನಮ್ಮ ಬೆಂಚಿಗೇ ಸರಿದು ಕೂತು, ನಮ್ಮ ತಾಟು ನೋಡಿ, "ಹೆಂಗದಾವ್ರಿ ಪಡ್ಡು?" ಎಂದು ಕೇಳಿ, ಆಮೇಲೆ ತಮಗೆ ಬೇಕಾದ್ದು ಹೇಳುತ್ತಾರೆ. ರುಮಾಲಿನ ಹಿರಿಯರೊಬ್ಬರು ನನ್ನನ್ನೇ ಕೇಳಿದರು. ನನ್ನ ಮುಂದೆ ಬರೀ ನೀರಿನ ಲೋಟ ಇತ್ತು.

"ನೀವೇನ ತಿನ್ನವಲ್ರಿ ಯವ್ವಾ?"

"ಇಲ್ರಿ ಯಜ್ಜಾ."

"ಪಡ್ಡು ಆರಿದ್ವೇನ? ಏ, ಇವರಿಗೆ ಬಿಸಿವು ಕೊಡೋ!"

ಬಿಸಿ ಪಡ್ಡು ಬಂದವು. ಹಂಚಿನಿಂದ ಎತ್ತಿದ್ದು, ಹೊರಗೆ ಕರುಕುರು, ಒಳಗೆ ಹತ್ತಿ. ಮೇಲೆ ಪುಠಾಣಿ ಚಟ್ನಿ. ನಾನು ತಾಟನ್ನು ಗಂಡನ ಕಡೆ ಸರಿಸಿದೆ. ಬೀಗರು ನೋಡಿದರು. ಮರ್ಯಾದೆ ಉಳಿಸಬೇಕಲ್ಲ, "ನನಗ ಶಿರಾ ಇದ್ರ ಕೊಡ್ರಿ" ಎಂದೆ. ಸಿಹಿಗೆ ಏನು ತೊಂದರೆ? ಶಿರಾ ಬಂತು. ಚಮಚೆ ಬಾಯಿಗೆ ಒಯ್ಯುವ ಹೊತ್ತಿಗೆ ಸಂಶಯ ಬಂತು. ಭಟ್ಟಿಯ ಮುಂದಿದ್ದವನನ್ನು ಕೇಳಿದೆ.

"ಶಿರಾದಾಗ ಉಪ್ಪ ಹಾಕ್ತೀಯೇನಪಾ?"

"ಶಿರಾದಾಗ ಯಾರರ ಉಪ್ಪ ಹಾಕ್ತಾರೇನ್ರಿ ಯವ್ವಾ?" ಎಂದು ನಕ್ಕ. ನಾನು ಬಾಯಿ ತೆರೆದೆ. "ಒಂದ ಚಿಟಿಕಿ ಹಾಕ್ತೇವ್ರಿ, ಸಿಹಿ ಎತ್ತಿ ಬರ್ಲೆಂತ" ಎಂದು ಅವನೇ ಸೇರಿಸಿದ.

ಚಮಚೆ ಕೆಳಗಿಟ್ಟೆ. ಆ ಶಿರಾ ಯಾರ ಹೊಟ್ಟೆಗೆ ಹೋಯಿತೆಂದು ನಾನು ಹೇಳಬೇಕಾಗಿಲ್ಲ. ಚಹಾ ಕುಡಿದೆ, ಅಷ್ಟೇ. ಬೀಗರು ಕೈ ತೊಳೆದು ಬಂದು ಗಂಡನ ಕಿವಿಯಲ್ಲಿ ಏನೋ ಕೇಳಿದರು. ಗಂಡ ಬಾಯಿ ತುಂಬ ಶಿರಾ ಇಟ್ಟುಕೊಂಡು ಭುಜ ಹಾರಿಸಿದರು.

ಹೊರಡುವಾಗ ಬೀಗರು ಚುರಮುರಿಯ ಗಿರ್ಮಿಟ್ ಕಟ್ಟಿಸಿಕೊಂಡರು. ಎದುರಿಗೆ ನಿಂತು ಮಾಡಿಸಿದರು: ಉಳ್ಳಾಗಡ್ಡಿ ಸಣ್ಣಗೆ ಹೆಚ್ಚು, ಹುಣಸೆಹುಳಿ ಬಿಡು, ಪುಠಾಣಿ ಹಿಟ್ಟು ಇನ್ನಷ್ಟು. ಕಾರಿನ ತುಂಬ ಆ ವಾಸನೆ. ಮೊಮ್ಮಗಳ ಮುಖ ನೆನೆಯುತ್ತ ಕಣ್ಣು ಮುಚ್ಚಿದರೆ, ನೋಡದ ಮುಖ ಹೇಗೆ ನೆನಪಾದೀತು? ಗಿರ್ಮಿಟ್ಟೇ ಕಾಣುತ್ತಿತ್ತು.

ಮನೋಳಿ

ಮನೋಳಿಯಲ್ಲಿ ಕಬ್ಬಿನ ಹಾಲಿನ ಗಾಣ ಕಂಡಾಗ ನನಗೇ ಸಂತೋಷವಾಯಿತು. ಕಬ್ಬಿನ ಹಾಲು, ಇದರಲ್ಲಿ ಯಾರ ಭಯ? "ನಿಂದ್ರಸ್ರಿ ಅಣ್ಣಾರ" ಎಂದು ನಾನೇ ಅಂದೆ. ಬೀಗರ ಮುಖ ಅರಳಿತು. ದಾರಿಯಲ್ಲಿ ನಾನಾಗಿ ಗಾಡಿ ನಿಲ್ಲಿಸಿದ್ದು ಅದೇ ಮೊದಲು.

ಗಾಣದವನು ಕಬ್ಬಿನ ಜೊತೆ ಹಸಿಶುಂಠಿ, ನಿಂಬೆಹಣ್ಣು ಇಟ್ಟು ತಿರುಗಿಸಿದ. ಹಸಿರು ನೊರೆಯ ಗ್ಲಾಸು ತುಂಬಿತು. ನಾನು ಕೈ ಚಾಚಿದೆ. ಅವನು ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಮೇಲೆ ಉದುರಿಸಿ ಕೊಟ್ಟ. ನಮ್ಮ ಕಿತ್ತೂರಿನಲ್ಲಿ ಕೇಳಿ ಹಾಕುತ್ತಾರೆ. ಇವನ ಕೈಗೆ ಕೇಳುವ ಅಭ್ಯಾಸವೇ ಇಲ್ಲ.

"ಉಪ್ಪ ಬ್ಯಾಡಾಗಿತ್ತಪಾ, ಬ್ಯಾರೇದ ಕೊಡು."

ಎರಡನೆಯದು ಬಂತು. ಮಾತಾಡುತ್ತ ಮಾತಾಡುತ್ತ ಅದಕ್ಕೂ ಉದುರಿಸಿದ. "ಏ, ಉಪ್ಪ ಬ್ಯಾಡಂದ್ನಲ್ಲೋ!"

"ಕೈ ಹೋಗಿಬಿಡ್ತೈತ್ರಿ ಯವ್ವಾ, ಏನ ಮಾಡ್ಲಿ."

ಮೂರನೆಯದಕ್ಕೆ ನಾನು ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ ಹಿಡಿದೆ. ಗಟಗಟ ಕುಡಿದೆ. ಅಮೃತ. ಕಣ್ಣು ತೆರೆದು ನೋಡಿದರೆ ಬೀಗರು ನನ್ನನ್ನೇ ನೋಡುತ್ತ ನಿಂತಿದ್ದರು.

"ಅಕ್ಕಾರ, ನಿಮಗ ಉಪ್ಪ ನಡಿಯೂದಿಲ್ಲೇನ್ರಿ? ಬಿಪಿ ಐತೇನ್ರಿ?"

ದೇವರೇ ದಾರಿ ತೋರಿಸಿದ ಎಂದುಕೊಂಡೆ. ಹೌದ್ರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಯಜಮಾನರು, ಮುಂಜಾನೆಯಿಂದ ತಿನ್ನಲು ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದವರು, ಮಾತಾಡಿದರು.

"ಇಕೀಗೆ ಬಿಪಿ? ಬಿಪಿ ನನಗ ಐತ್ರಿ ಬೀಗರ. ಇಕಿ ಗಟ್ಟಿ ಕಲ್ಲ. ಹ್ವಾದ ವಾರ ಜ್ವರಾ ಬಂದಾಗ ಡಾಕ್ಟರ ನೋಡಿ, ಅಜ್ಜೀದು ಬಿಪಿ ಹುಡಿಗ್ಯಾರ ಗತೆ ಐತಿ ಅಂದಾರ."

ಬಿಪಿ ಇರುವವರು ನಾಲ್ಕು ಭಜಿ ತಿಂದಿದ್ದರು. ನಾನು ಅವರನ್ನು ಹೇಗೆ ನೋಡಿದೆನೆಂದರೆ, ಗಾಣದವನು ತಿರುಗಿಸುವುದನ್ನು ಅರ್ಧಕ್ಕೇ ನಿಲ್ಲಿಸಿದ.

ಬೀಗರು ದುಡ್ಡು ಕೊಟ್ಟರು. ಕಾರು ಹತ್ತಿದರು. ಮನೋಳಿಯಿಂದ ನೆಟ್ಟಗೆ ಹೋದರೆ ರಾಮದುರ್ಗ. ಕಾರು ಸವದತ್ತಿಯ ಕಡೆ ಹೊರಳಿತು.

"ಅಣ್ಣಾರ, ದಾರಿ..."

"ಸವದತ್ಯಾಗ ಒಂದ ಖಾನಾವಳಿ ಐತ್ರಿ. ಅಲ್ಲಿ ಉಂಡವರು ಯಾರೂ ಸಿಟ್ಟ ಇಟ್ಕೊಂಡ ಎದ್ದಿಲ್ಲ. ನೀವ ಅಲ್ಲಿ ಉಣ್ಣಬೇಕು."

ಸಿಟ್ಟು? ಯಾರಿಗೆ ಸಿಟ್ಟು? ನನಗೆ ತಿಳಿಯಲಿಲ್ಲ.

ಸವದತ್ತಿ

ಅಂಗಡಿ, ಗೆಳೆಯರು, ಎಲೆ ಅಡಿಕೆ ಎಂದು ಅಲ್ಲಿ ಇಲ್ಲಿ ನಿಂತು ಖಾನಾವಳಿ ಮುಟ್ಟುವಾಗ ಹನ್ನೆರಡು ಹೊಡೆದಿತ್ತು. ದೂರದಲ್ಲಿ ಅವ್ವನ ಗುಡ್ಡ. ಕಾರಿನಲ್ಲೇ ಕೈ ಮುಗಿದೆ. ನಿನ್ನ ಹರಕೆಯನ್ನು ನಿನ್ನ ಕಾಲ ಬುಡದಲ್ಲೇ ಮುರಿಸಬೇಡ ತಾಯಿ ಎಂದೆ.

ಖಾನಾವಳಿ ಎಂದರೆ ಒಂದು ಮನೆಯ ಮುಂದಿನ ಪಡಸಾಲೆ. ನಡೆಸುವವಳು ನನ್ನ ವಯಸ್ಸಿನ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕೂತು ಪಟಪಟ ರೊಟ್ಟಿ ಬಡಿಯುತ್ತಿದ್ದಳು. ಬೀಗರು ಒಳಗೆ ಹೋಗಿ, "ಅಕ್ಕಾ, ಇವರು ನಮ್ಮ ಬೀಗರು, ಕಿತ್ತೂರವರು. ನಿನ್ನ ಕೈಯಾಗಿನ ಎಲ್ಲಾ ಕಲಾ ತೋರಸಬೇಕ ಇವತ್ತ" ಎಂದರು.

ತಾಟು ಬಂತು. ಬಿಸಿ ಜೋಳದ ರೊಟ್ಟಿ. ಎಣ್ಣೆಗಾಯಿ ಬದನೆ, ಹೊಟ್ಟೆ ಸೀಳಿ ಶೇಂಗಾ ಎಳ್ಳು ತುಂಬಿದ್ದು, ಎಣ್ಣೆ ಸುತ್ತ ನಿಂತಿದ್ದು. ಮೊಳಕೆ ಹೆಸರಿನ ಪಲ್ಯ, ಝುಣಕ, ಅಗಸಿ ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಗಟ್ಟಿ ಮೊಸರು. ಎಣ್ಣೆಗಾಯಿಯ ವಾಸನೆ ಮೂಗಿಗೆ ಬಡಿದಾಗ ನಿಜವಾಗಿ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಜೋಳದ ರೊಟ್ಟಿಗೆ ನಮ್ಮ ಸೀಮೆಯಲ್ಲಿ ಉಪ್ಪು ಹಾಕುವುದಿಲ್ಲ, ಅದೊಂದು ಪುಣ್ಯ. ರೊಟ್ಟಿ ಮುರಿದು ಮೊಸರಿನಲ್ಲಿ ಅದ್ದಿ ತಿಂದೆ. ಉಳ್ಳಾಗಡ್ಡಿ ಕಡಿದೆ. ಒಂದು ಚೂರು ಬೆಲ್ಲ ಕೇಳಿ ತೆಗೆದುಕೊಂಡೆ. ಉಳಿದದ್ದನ್ನು ಬೆರಳಿನಿಂದ ತಾಟಿನ ಅಂಚಿಗೆ ಸರಿಸಿದೆ.

ರೊಟ್ಟಿಯ ಸದ್ದು ನಿಂತಿತು. ಖಾನಾವಳಿಯ ಅಕ್ಕ ಸೊಂಟದ ಮೇಲೆ ಕೈ ಇಟ್ಟು ಎದುರಿಗೆ ಬಂದು ನಿಂತಳು.

"ಯಾಕ್ರಿ ಕಿತ್ತೂರವರ, ನನ್ನ ಪಲ್ಯಾಕ್ಕೇನ ಬ್ಯಾನಿ ಬಂದೈತ್ರಿ?"

"ಇಲ್ಲವ್ವಾ, ಪಲ್ಯಾ ಭಾಳ ಛಲೋ ಐತಿ."

"ತಿನ್ನದ ಹೆಂಗ ಗೊತ್ತಾತ್ರಿ? ವಾಸನಿ ತಗೊಂಡೇನ?"

ಸುತ್ತಲಿನವರು ನಕ್ಕರು. ನನಗೆ ಭೂಮಿ ಬಾಯಿ ತೆರೆಯಲಿ ಅನ್ನಿಸಿತು. ಬೀಗರು ತುತ್ತು ಕೆಳಗಿಟ್ಟರು. ಕಿತ್ತೂರಿನಿಂದ ಅಲ್ಲಿಯ ತನಕ ಅವರು ತುತ್ತು ಕೆಳಗಿಟ್ಟದ್ದು ಅದೇ ಮೊದಲು.

"ಅಕ್ಕಾರ, ಇನ್ನ ನಾ ಕೇಳದ ಇರಾಂಗಿಲ್ಲ. ಮುಂಜಾನಿಂದ ನೋಡಾಕ ಹತ್ತೇನಿ. ನಾ ಕೊಟ್ಟ ಭಜಿ ಬ್ಯಾಡ, ಪಡ್ಡು ಬ್ಯಾಡ. ಗಾಣದಾಂವಗ ಉಪ್ಪ ಹಾಕಬ್ಯಾಡ ಅಂತ ಗ್ಲಾಸಿಗೆ ಕೈ ಮುಚ್ಚತೀರಿ. ಇಲ್ಲಿ ಒಣಾ ರೊಟ್ಟಿ ತಿನ್ನಾಕ ಹತ್ತೀರಿ. ನಮ್ಮ ಉಪ್ಪಿನ ಋಣಾನ ಬ್ಯಾಡಂತ ಮಾಡೀರೇನ್ರಿ?"

"ಅಯ್ಯ, ಶಿವನ! ಹಂಗ್ಯಾಕ ಅಂತೀರಿ ಅಣ್ಣಾರ?"

"ಮತ್ತ ಹೆಂಗ ಅನ್ಲಿ? ಹೆಣ್ಣ ಹುಟ್ತಂತ ನಿಮ್ಮ ಮನಸಿಗೆ ಬಂದಿಲ್ಲ. ನೀವ ಬಾಯಿ ಬಿಟ್ಟ ಹೇಳಾಂಗಿಲ್ಲ, ನಮಗ ತಿಳೀತೈತಿ."

ನನ್ನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಏನು ಹೇಳುತ್ತಿದ್ದಾರೆ ಈ ಮನುಷ್ಯ? ಒಂಬತ್ತು ವರ್ಷ ಕಾದ ಕೂಸು. ಅದರ ಉಗುರಿನ ಬಣ್ಣ ಹೇಗಿದೆ ಎಂದು ಗಂಡನನ್ನು ಕಣ್ಣು ಮುಚ್ಚಿಕೊಂಡೇ ಕೇಳಿ ಕೇಳಿ ತಿಳಿದವಳು ನಾನು.

"ಯಾರ ಹೇಳ್ಯಾರ್ರಿ ನಿಮಗ?"

"ಯಾರ ಹೇಳಬೇಕ್ರಿ? ಹನ್ನೆರಡ ದಿನಾ ಆತು, ಒಂದ ಫೋಟೋ ನೋಡಿಲ್ಲ ನೀವು. ವಿಡಿಯೋದಾಗ ಗೀತವ್ವ ಕೂಸಿನ ತೋರ್ಸಿದ್ರ ಮಾರಿ ತಿರಿವಿ ಹ್ವಾದ್ರಿ. ಆ ಹುಡುಗಿ ಎರಡ ದಿನಾ ಅತ್ತಾಳ್ರಿ. ಹಸೀ ಬಾಣಂತಿ. 'ಮಾವಾರ, ನಮ್ಮವ್ವಗ ಹೆಣ್ಣ ಬ್ಯಾಡಾಗಿತ್ತ ಕಾಣ್ತೈತಿ' ಅಂದ್ಳು. ಅದಕ್ಕ ನಾನ ಬಂದೇನ್ರಿ. ದಾರ್ಯಾಗ ನಿಮಗ ಛಲೋ ಛಲೋದ್ದ ತಿನ್ನಿಸಿ, ಮನಸ ತಣ್ಣಗ ಮಾಡಿ, ನಕ್ಕೋತ ಒಳಗ ಕರಕೊಂಡ ಹೋಗೂಣಂತ. ಇಲ್ಲಾಂದ್ರ ನನಗೇನ್ರಿ ಇಷ್ಟ ಹಸಿವು?"

ಕೊನೆಯ ಮಾತನ್ನು ನಾನು ನಂಬಲಿಲ್ಲ. ಉಳಿದದ್ದು ಎದೆಗೆ ನಾಟಿತು.

ನನ್ನ ಮಗಳು ಅತ್ತಿದ್ದಾಳೆ. ಅವಳ ಸಲುವಾಗಿ ಬಿಟ್ಟ ಉಪ್ಪಿನಿಂದಲೇ ಅತ್ತಿದ್ದಾಳೆ. ಈಗ ಏನು ಮಾಡಲಿ? ಒಂದು ತುಂಡು ಎಣ್ಣೆಗಾಯಿ ಬಾಯಿಗಿಟ್ಟರೆ ಬೀಗರ ಮನಸ್ಸು ತಣ್ಣಗಾಗುತ್ತದೆ. ಆದರೆ ಇನ್ನು ಒಂದು ತಾಸಿನ ದಾರಿ ಇರುವಾಗ ಹರಕೆ ಮುರಿದು, ಆ ಎಳೆ ಜೀವಕ್ಕೆ ನಾಳೆ ಒಂದು ನೆಗಡಿಯಾದರೂ ನಾನು ನನ್ನನ್ನು ಕ್ಷಮಿಸಲಾರೆ. ಹೇಳಿಬಿಡಲೇ ಎಂದರೆ, ಹೇಳಿದರೂ ಮುರಿದಂತೆಯೇ.

"ಅಣ್ಣಾರ, ಅವ್ವನ ಗುಡ್ಡ ಕಾಣಾಕ ಹತ್ತೈತಿ. ಅಕಿ ಮ್ಯಾಲೆ ಆಣಿ. ನನಗ ಹೆಣ್ಣ ಹುಟ್ಟಿದ್ದ ಬಂಗಾರ ಹುಟ್ಟಿದಂಗ ಆಗೈತಿ."

"ಮತ್ತ ಉಣ್ರಿ."

"ಉಣ್ಣಾಕ ಆಗೂದಿಲ್ರಿ."

"ಯಾಕ್ರಿ?"

"ಹೇಳಾಕ ಆಗೂದಿಲ್ರಿ."

ಬೀಗರು ನನ್ನ ಗಂಡನ ಕಡೆ ನೋಡಿದರು. ಗಂಡ ಎಣ್ಣೆಗಾಯಿಯ ತೊಟ್ಟು ಚೀಪುತ್ತ, "ಹಿಂಗ ಇರ್ತಾಳ್ರಿ ಒಮ್ಮೊಮ್ಮೆ" ಎಂದರು.

ಖಾನಾವಳಿಯ ಅಕ್ಕ ಮಾತ್ರ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಒಳಗೆ ಹೋಗಿ ಇನ್ನೊಂದು ಬಿಸಿ ರೊಟ್ಟಿ, ಅಂ‌ಗೈಯಷ್ಟು ಬೆಣ್ಣೆ ತಂದು ಹಾಕಿದಳು. "ಮನ್ಯಾಗ ಕಡದ ಬೆಣ್ಣೀರಿ. ಇದಕ್ಕ ಏನೂ ಹಾಕಿಲ್ಲ. ತಿನ್ರಿ" ಎಂದಳು. ಅವಳಿಗೆ ಏನು ತಿಳಿಯಿತೋ, ನಾನು ಕೇಳಲಿಲ್ಲ. ತಿಂದೆ.

ಹೂಲಿ ದಾಟಿ

ಹೂಲಿಯ ಹಳೆಯ ಗುಡಿಗಳು ಕಿಟಕಿಯಲ್ಲಿ ಬಂದು ಹೋದವು. ಬೇರೆ ದಿನವಾಗಿದ್ದರೆ ಬೀಗರು ಇಳಿಸಿ ತೋರಿಸಿ, ಅಲ್ಲೂ ಏನಾದರೂ ತಿನ್ನಿಸುತ್ತಿದ್ದರು. ನಾನು ಗಂಡನಿಗೆ, ಗೀತಾಗೆ ಫೋನು ಹಚ್ಚಿರಿ, ಬರೀ ಮಾತು ಸಾಕು, ಮುಖ ಬೇಡ ಎಂದೆ. ಬರೀ ಮಾತು ಎಂದದ್ದು ಬೀಗರ ಕಿವಿಗೆ ಬಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿದರೆಂದು ಅವರ ಕುತ್ತಿಗೆ ನೋಡಿಯೇ ತಿಳಿಯಿತು.

"ಅವ್ವಾ, ಎಲ್ಲಿ ಅದೀರಿ? ಹತ್ತಕ್ಕ ಬರ್ತೇವಿ ಅಂದಿದ್ರಿ." ದನಿ ಸೋತಿತ್ತು.

"ಹೂಲಿ ದಾಟೇವಿ. ಬಂದ್ವಿ. ಗೀತಾ, ನನ್ನ ಮ್ಯಾಲೆ ಸಿಟ್ಟ ಐತೇನವ್ವಾ?"

ಆ ಕಡೆಯಿಂದ ಬೆಕ್ಕಿನ ಮರಿಯಂಥ ಒಂದು ಸದ್ದು ಕೇಳಿತು, ಕೂಸಿನದು. ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ನಿನಗ ಬ್ಯಾಸರಾಗಿದ್ರ ಹೇಳವ್ವಾ. ನನಗ ಏನೂ ಅನಿಸೂದಿಲ್ಲ" ಎಂದಳು. ಹಾಗೆಂದರೆ ಎಲ್ಲ ಅನ್ನಿಸಿದೆ ಎಂದು ಹೆತ್ತವಳಿಗೆ ತಿಳಿಯದೆ?

"ನಾ ಬಂದ ಹೇಳ್ತೇನಿ. ಅಲ್ಲೀತನಕ ಅಳಬ್ಯಾಡ. ಹಾಲ ಕುಡಿಸಾಕಿ ಅಳಬಾರ್ದು."

ಫೋನಿಟ್ಟೆ. ಮುಂದೆ ತಿರುವಿನಲ್ಲಿ ಒಂದು ಚಪ್ಪರ, ಅದರ ಕೆಳಗೆ ದೊಡ್ಡ ಬಾಣಲೆ, ಹೊಗೆ. ಬೀಗರ ಕಾಲು ಅಭ್ಯಾಸಬಲದಿಂದ ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕನ್ನಡಿಯಲ್ಲಿ ನನ್ನನ್ನು ನೋಡಿದರು. ಕಾಲು ತೆಗೆದರು. ಕಾರು ಓಡಿತು.

"ಇಲ್ಲಿ ಭಜಿ ಭಾಳ ಛಲೋ ಇರ್ತಾವಂತಲ್ರಿ?" ಎಂದು ನನ್ನ ಗಂಡ ಹಿಂದೆ ತಿರುಗಿ ನೋಡಿದರು.

"ಸುಮ್ನ ಕುಂದರ್ರಿ!" ಬೀಗರೂ ನಾನೂ ಒಟ್ಟಿಗೇ ಕೂಗಿದೆವು. ಆ ದಿನ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.

ರಾಮದುರ್ಗ

ಎರಡು ಗಂಟೆಗೆ ಮುಟ್ಟಿದೆವು. ಮನೆ ತುಂಬ ಜನ. ಬೀಗತಿ ನೀಲವ್ವ ತಂಬಿಗೆ ನೀರು, ಬೆಲ್ಲ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಕಾಲಿಗೆ ನೀರು ಹಾಕಿಕೊಂಡೆ. ಬೆಲ್ಲದ ಕಡೆ ನೋಡಲೂ ಇಲ್ಲ, ನೆಟ್ಟಗೆ ಒಳಗೆ ನಡೆದೆ. ಹಿಂದೆ ಯಾರೋ, "ನೋಡ್ರಿ, ಬೆಲ್ಲಾನೂ ಮುಟ್ಟಲಿಲ್ಲ" ಎಂದು ಪಿಸುಗುಟ್ಟಿದ್ದು ಕೇಳಿತು. ಬೆನ್ನಿಗೆ ಕಣ್ಣಿದ್ದರೆ ಆಗಲೇ ತೋರಿಸುತ್ತಿದ್ದೆ.

ಕೋಣೆಯಲ್ಲಿ ಅಜವಾನದ ಹೊಗೆ. ಗೀತಾ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿ ಕೂತಿದ್ದಳು. ನನ್ನನ್ನು ನೋಡಲಿಲ್ಲ. ಮಡಿಲಲ್ಲಿ ಒಂದು ಗಂಟು. ನಾನು ಎರಡೂ ಕೈಯಿಂದ ಎತ್ತಿ ಕಿಟಕಿಯ ಬೆಳಕಿಗೆ ಒಯ್ದೆ.

ಏನೆಂದು ಬರೆಯಲಿ? ಮೂರನೆಯ ಇಯತ್ತೆ ಕಲಿತವಳು ನಾನು, ನನಗೆ ಬರುವ ಮಾತು ಸಾಲುವುದಿಲ್ಲ. ಹಣೆ ತುಂಬ ಕೂದಲು. ಮೂಗು ನಮ್ಮ ಕಡೆಯದಲ್ಲ, ರಾಮದುರ್ಗದ್ದು, ಇರಲಿ. ತುಟಿ ಚೀಪುವ ಹಾಗೆ ಒಮ್ಮೆ ಆಡಿಸಿತು, ಒಂದು ಕಣ್ಣು ತೆರೆದು, ಇವಳ್ಯಾರು ಎಂಬಂತೆ ನೋಡಿ, ಮುಚ್ಚಿತು. ಅಷ್ಟು ಸಾಕಾಯಿತು. ನಾನು ಮನೆಯೆಲ್ಲ ಕೇಳುವ ಹಾಗೆ ಕೂಗಿದೆ.

"ಉಪ್ಪ ತರ್ರೀ! ಲಗೂ ಉಪ್ಪ ತರ್ರಿ!"

ಅಜ್ಜಿ ಬಂದವಳೇ ಮೊಮ್ಮಗಳ ದೃಷ್ಟಿ ತೆಗೆಯಲು ಉಪ್ಪು ಕೇಳಿದಳೆಂದು ನೀಲವ್ವ ಮುಷ್ಟಿ ತುಂಬ ಹರಳುಪ್ಪು, ಐದು ಕೆಂಪು ಮೆಣಸಿನಕಾಯಿ ತಂದು, "ಇಳಿ ತಗೀಯೂದು ಸಂಜೀಕ ರೀ ಅಕ್ಕಾರ, ತೊಟ್ಟಲಾಗ ಹಾಕಿದ ಮ್ಯಾಲೆ..." ಎನ್ನುತ್ತಿದ್ದಳು. ನಾನು ಅವಳ ಅಂಗೈಯಿಂದ ಎರಡು ಹರಳು ಎತ್ತಿ ಬಾಯಿಗೆ ಹಾಕಿಕೊಂಡು ಕಟಕಟ ಕಡಿದೆ.

"ಅಯ್ಯ ನಮ್ಮವ್ವ, ದೃಷ್ಟಿ ಉಪ್ಪ ತಿಂದ್ಳಲ್ರೇ!" ಎಂದು ಒಬ್ಬಳು ಬಾಯಿ ಮೇಲೆ ಸೆರಗಿಟ್ಟಳು.

ಆಗ ಹೇಳಿದೆ. ಕೂಸನ್ನು ಎದೆಗೊತ್ತಿಕೊಂಡು ಎಲ್ಲ ಹೇಳಿದೆ. ಏಳನೆಯ ತಿಂಗಳಿನಿಂದ ಹಿಡಿದು, ಫೋಟೋ, ಗೋಡೆ, ಒಲೆಯ ಮೇಲೆ ಇಲ್ಲದ ಹಾಲು, ಶಿರಾದ ಚಿಟಿಕೆ, ಎಲ್ಲ. ಗೀತಾ ಮೊದಲು ಬಾಯಿ ತೆರೆದು ಕೇಳಿದಳು. ಆಮೇಲೆ ಬೈದಳು. ಬಾಣಂತಿ ಅಷ್ಟು ಬೈಯಬಾರದು.

"ಎರಡೂವರಿ ತಿಂಗಳಾ? ಈ ವಯಸ್ಸಿನಾಗ? ಬಿದ್ದ ಕೈಕಾಲ ಮುರಕೊಂಡಿದ್ದರ? ನಾ ಇಲ್ಲಿ ಹೆಣ್ಣ ಹೆತ್ತದ್ದಕ್ಕ ನಮ್ಮವ್ವ ಮಾರಿ ತಿರಿವಿದ್ಳು ಅಂತ ಗ್ವಾಡಿಗೆ ಹಣಿ ಹಚ್ಚಿ ಅಳತಿದ್ದೆ. ಹುಚ್ಚೀ ನೀನು, ಖರೇನ ಹುಚ್ಚಿ!" ಎನ್ನುತ್ತ ನನ್ನ ಸೆರಗು ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. ಬಿಡಲಿಲ್ಲ.

ಬೀಗರು ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದರು. "ಎಲ್ಲಾರೂ ಕೂಡಿ ನನಗ ಹೊಟ್ಟಿ ಕೆಡಿಸಿದ್ರಿ" ಎಂದರು. ಹೊರಗೆ ಪಡಸಾಲೆಯಲ್ಲಿ ನನ್ನ ಗಂಡ ಯಾರಿಗೋ, "ಅದಕ್ಕ ಇಕಿ ಪಲ್ಯಾ ಬ್ಯಾರೆ ಡಬರ್‍ಯಾಗ ಇಡತಿದ್ಳು, ನಾ ಬೆಕ್ಕಿಗೆ ಅನ್ಕೊಂಡಿದ್ದೆ" ಎನ್ನುತ್ತಿದ್ದರು.

ನೀಲವ್ವ ಅಲ್ಲೇ, ಬಾಣಂತಿಯ ಕೋಣೆಯ ಬಾಗಿಲಲ್ಲೇ ತಾಟು ಹಾಕಿದಳು. ಕಾರ್ಯದ ಅಡುಗೆ: ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಚಿತ್ರಾನ್ನ. ಮೊದಲ ತುತ್ತು ಪಲ್ಯ ಕಲಸಿ ಬಾಯಿಗಿಟ್ಟೆ. ಅಯ್ಯೋ! ಎರಡೂವರೆ ತಿಂಗಳು ಸಪ್ಪೆ ತಿಂದ ನಾಲಿಗೆಗೆ ಅದು ಸಮುದ್ರ. ನಾಲಿಗೆ ಚುರುಗುಟ್ಟಿ ಮುಖ ತಾನಾಗಿ ಕಿವುಚಿಕೊಂಡಿತು. ನೀಲವ್ವನ ಮುಖ ಪೆಚ್ಚಾಯಿತು.

"ಯಾಕ್ರಿ ಅಕ್ಕಾರ? ಉಪ್ಪ ಕಡಿಮಿ ಆತೇನ್ರಿ?" ಎಂದವಳೇ, ಪಾಪ, ನಾನು ತಡೆಯುವಷ್ಟರಲ್ಲಿ ಇನ್ನೊಂದು ಚಿಟಿಕೆ ತಂದು ಪಲ್ಯದ ಮೇಲೆ ಉದುರಿಸಿದಳು.

ನಾನು ಕೈ ಅಡ್ಡ ಹಿಡಿಯಲಿಲ್ಲ. ಗೀತಾ ಕೂಸಿಗೆ ಹಾಲು ಕುಡಿಸುತ್ತ, ನನ್ನ ಕೈ ತಾಟಿನಿಂದ ಬಾಯಿಗೆ ಹೋಗುವುದನ್ನೇ ನೋಡುತ್ತಿದ್ದಳು. ಪಲ್ಯ ಉಂಡೆ, ಮತ್ತೆ ಹಾಕಿಸಿಕೊಂಡು ಉಂಡೆ. ಸಾರನ್ನು ಕೈಯಲ್ಲಿ ಎತ್ತಿ ಸುರ್ರೆಂದು ಹೀರಿದೆ. ಒಂದು ಅಗುಳು ಉಳಿಯದಂತೆ ಬಳಿದೆ. ಕಡೆಗೆ ನಮ್ಮ ಹಿರಿಯರು ಮಾಡುತ್ತಿದ್ದಂತೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ಉಪ್ಪು ನೀರನ್ನೂ ಎತ್ತಿ ಕುಡಿದೆ.